ಉಪ್ಪು ಹಾಕಿದರೂ ಹಳದಿ ನೀರು

ಮೊಮ್ಮಕ್ಕಳೇ, ನಿಮ್ಮಮ್ಮ ಹಂಗಾರಕಟ್ಟೆಯ ಹೊಳೆಬದಿಯಲ್ಲಿ ಸಿಗಡಿ ಕೆರೆ ಮಾಡಿದ ವರ್ಷ ಮಳೆ ಹೇಳದೆ ಕೇಳದೆ ಮೊದಲೇ ಬಂತು. ಸಿಗಡಿ ಹಿಡಿಯುವ ದಿನ ಇನ್ನೂ ದೂರವಿತ್ತು. ದಂಡೆಯ ಕಪ್ಪು ಮಣ್ಣೆಲ್ಲ ಕೊಚ್ಚಿಕೊಂಡು ಕೆರೆಗೆ ಇಳಿಯಿತು. ಬೆಳಿಗ್ಗೆ ಮೇವಿನ ತಟ್ಟೆ ಎತ್ತಿದರೆ ಸಿಗಡಿಯ ಚಿಪ್ಪು ಮೆತ್ತಗೆ. ಕೆಲವು ಸತ್ತೇ ಇದ್ದವು. ನಿಮ್ಮಮ್ಮ ಗಾಜಿನ ಲೋಟದಲ್ಲಿ ಕೆರೆನೀರು ತುಂಬಿ ಪರೀಕ್ಷೆಯ ಮದ್ದು ಹನಿಸಿದಳು. ನೀಲಿಯಾಗಬೇಕಾದ ನೀರು ಹಳದಿಯಾಯಿತು.

"ದಂಡೆ ಮಣ್ಣ್ ಇಳ್ದ್ ನೀರ್ ಹುಳಿ ಆಯ್ತಮ್ಮ. ಹೀಂಗೇ ಇದ್ರೆ ಒಂದೂ ಉಳುದಿಲ್ಲ."

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೆರೆನೀರನ್ನು ನಾಲಗೆಗೆ ಹಚ್ಚಿ ನೋಡಿದೆ, ಸಪ್ಪೆ. ಸಿಗಡಿ, ಅಂದರೆ ನಮ್ಮ ಚಟ್ಲಿ, ಉಪ್ಪುನೀರಿನದು, ಮಳೆ ಆ ಉಪ್ಪನ್ನು ಕಳೆದಿದೆ, ಅದನ್ನೇ ವಾಪಸ್ ಕೊಟ್ಟರಾಯಿತು ಅನ್ನಿಸಿತು. ಮೀನು ಒಣಗಿಸಲು ತಂದಿದ್ದ ಕಲ್ಲುಪ್ಪಿನ ಚೀಲವನ್ನು ಯಾರಿಗೂ ಹೇಳದೆ ದಂಡೆಗೆ ಎಳೆದುಕೊಂಡು ಹೋದೆ.

ದೋಣಿಯಲ್ಲಿ ಹೋಗುತ್ತಿದ್ದ ನೆರೆಮನೆಯವರು ಕಂಡೇಬಿಟ್ಟರು. "ಹ್ವಾಯ್, ಚಟ್ಲಿ ಸಾರಿಗೆ ಕೆರೆಯಲ್ಲೇ ಉಪ್ಪ್ ಹಾಕುದಾ?"

ನಾನು ನಾಚಿ ಸೆರಗೆಳೆದುಕೊಂಡೆ. ಆ ಕೂಗಿಗೆ ನಿಮ್ಮಮ್ಮ ಲೋಟ ಹಿಡಿದೇ ಓಡಿ ಬಂದಳು. ನಗಲಿಲ್ಲ, ಬೈಯಲೂ ಇಲ್ಲ.

"ಇಲ್ ಕಾಣ್" ಎಂದು ಆ ಹಳದಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕದಡಿದಳು. ಉಪ್ಪು ಕರಗಿತು; ಹಳದಿ ಕದಲಲಿಲ್ಲ. "ನಿನ್ ಎಲೆ ಡಬ್ಬಿ ಕೊಡ್." ವೀಳ್ಯದ ಸುಣ್ಣವನ್ನು ಕಡ್ಡಿಯ ತುದಿಯಲ್ಲಿ ತೆಗೆದು ಅದೇ ಲೋಟಕ್ಕೆ ಅದ್ದಿದಳು. ನೀರು ಹಸಿರಾಯಿತು, ಆಮೇಲೆ ನೀಲಿ.

"ಕಡಲ್ ನೀರಂದ್ರೆ ಬರೀ ಉಪ್ಪಲ್ಲಮ್ಮ. ಹುಳಿ ತಡೂಕೆ ಸೋಡದ ಜಾತಿದ್ ಬೇರೆ ಲವಣ ಕರಗಿರತ್. ಮಳೆಗೆ ಅದು ತೆಳು ಆಯ್ತ್. ನಿನ್ ಉಪ್ಪಿಗೆ ಹುಳಿ ತೆಗೂಕೆ ಆತಿಲ್ಲ."

ಕೋಟೇಶ್ವರದಿಂದ ಕಪ್ಪೆಚಿಪ್ಪಿನ ಸುಣ್ಣದ ಪುಡಿ ತರಿಸಿ ದಂಡೆ ಸುತ್ತ, ಕೆರೆಯೊಳಗೆ, ಸ್ವಲ್ಪ ಸ್ವಲ್ಪವಾಗಿ ಎರಚಿದೆವು. ನಾನು ಲೋಟ ಹಿಡಿದು ದಂಡೆಯ ಮೇಲೆ ಅತ್ತಿಂದಿತ್ತ ತಿರುಗಿದೆ. ಗಳಿಗೆಗೊಮ್ಮೆ ಮದ್ದಿನ ಹನಿ ಹಾಕೆಂದು ಪೀಡಿಸಿದೆ.

"ಸೀಸೆ ಖಾಲಿ ಮಾಡ್ತೆ ನೀನ್! ಒಂಚೂರ್ ಕೂಕೊ ಮಾರಾಯ್ತಿ."

ಎಲ್ಲಿ ಕೂರುವುದು? ಸಂಜೆ ಹೊತ್ತಿಗೆ ಲೋಟದಲ್ಲಿ ಹಸಿರು ಕಂಡಿತು. ಮರುದಿನ ನೀಲಿ. ಒಂದೆರಡು ದಿನ ಬಿಟ್ಟು ಮೇವಿನ ತಟ್ಟೆ ಎತ್ತಿದಾಗ ಒಂದು ಸಿಗಡಿ ಹಾರಿ ನನ್ನ ಬೆರಳಿಗೆ ಚುಚ್ಚಿತು. ಚಿಪ್ಪು ಗಟ್ಟಿಯಾಗಿತ್ತು. ನಿಮ್ಮಮ್ಮ ಆ ಬೆರಳು ನೋಡಿ ನಕ್ಕಳು.

ಅಷ್ಟರಲ್ಲಿ ಕೆರೆಯ ಮೇಲೆ ಮತ್ತೆ ಮಳೆಹನಿ ಬಿತ್ತು. ನಾನು ಲೋಟ ಹುಡುಕಲು ಎದ್ದೆ.