ಐಸ್ ಮೇಲೆ ಆಡದ ಗೋಲ್‌ಕೀಪರಿಗೆ ಮೈಸೂರು ಪೇಟ

ಹೆಗಲ ಮೇಲೆ ಶಾಲು ಬಿದ್ದಾಗಿತ್ತು. ಕೊರಳಿಗೆ ಹಾರವೂ ಬಿದ್ದಾಗಿತ್ತು. ಮೈಸೂರು ಪೇಟ ಮಾತ್ರ ಇನ್ನೂ ತಟ್ಟೆಯಲ್ಲಿತ್ತು.

ಸ್ಯಾನ್ ಹೊಸೆಯ ಒಂದು ಸ್ಕೂಲಿನ ಸ್ಟೇಜು. ಮೈಕಿನಲ್ಲಿ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ನಂಜೇಗೌಡರು. "ಅಮೆರಿಕದ ಪ್ರೊಫೆಷನಲ್ ಐಸ್ ಹಾಕಿ ಆಡಿದ ಮೊಟ್ಟಮೊದಲ ಕನ್ನಡಿಗ, ನಮ್ಮ ಮಂಡ್ಯದ ಹುಡುಗ" ಅಂತ ನನ್ನ ಪರಿಚಯ ಮಾಡುತ್ತಿದ್ದಾರೆ.

ಹಿಂದಿನ ಸಾಲಿನಲ್ಲಿ ಕ್ರೇಗ್ ಕೂತಿದ್ದಾನೆ. ಪ್ರೊಫೆಷನಲ್ ಗೋಲ್‌ಕೀಪರ್ ಅಂದರೆ ಅವನು.

ಪಕ್ಕದ ಊರು ಕ್ಯಾಂಪ್‌ಬೆಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯವನು ಕ್ರೇಗ್. ಕೆನಡಾದವನು. ಟೀವಿಯಲ್ಲಿ ಬರುವ ದೊಡ್ಡ ಲೀಗಲ್ಲ, ಅದಕ್ಕಿಂತ ಎಷ್ಟೋ ಕೆಳಗಿನ ಲೀಗಿನ ಒಂದು ಟೀಮಿನಲ್ಲಿದ್ದ. ಬಸ್ಸಿನಲ್ಲೇ ಊರೂರು ಸುತ್ತುವ ಕೆಲಸ. ಮೊಣಕಾಲಿಗೆ ಐಸ್ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂತಿರುತ್ತಿದ್ದ. ಇವತ್ತಲ್ಲ ನಾಳೆ ಮೇಲಿನ ಲೀಗಿನಿಂದ ಫೋನು ಬರುತ್ತೆ ಅಂತ ಕಾಯುತ್ತಲೇ ಇದ್ದ.

ನಾನು ಕಾಲೇಜಿನಲ್ಲಿ ವಿಕೆಟ್‌ಕೀಪರ್ ಆಗಿದ್ದೆ ಅಂತ ಒಂದು ದಿನ ಬಾಯಿ ಬಿಟ್ಟೆ. ಅಷ್ಟಕ್ಕೇ ಅವನು ನನ್ನನ್ನು ಐಸ್ ಹಾಕಿ ಆಡುವ ರಿಂಕಿಗೆ ಎಳೆದುಕೊಂಡು ಹೋಗಿ, ಸ್ಕೇಟು ಕಟ್ಟಿ, ನೆಟ್ಟಿನ ಮುಂದೆ ನಿಲ್ಲಿಸಿದ. ವೀಕೆಂಡಿನಲ್ಲಿ ಆಫೀಸಿನವರ ಜೊತೆ ಆಡುವಷ್ಟು ಕಲಿತೆ. ಬಿದ್ದಿದ್ದೇ ಜಾಸ್ತಿ, ಬಿಡಿ.

ಒಂದು ಸಲ ಅವನ ಟೀಮಿನ ಎರಡನೇ ಗೋಲ್‌ಕೀಪರಿಗೆ ಮ್ಯಾಚಿನ ದಿನವೇ ಜ್ವರ ಬಂತು. ಬೆಂಚಿನ ಮೇಲೆ ಇನ್ನೊಬ್ಬ ಗೋಲ್‌ಕೀಪರ್ ಡ್ರೆಸ್ ಮಾಡಿಕೊಂಡು ಕೂತಿರಲೇಬೇಕಂತೆ. ಕ್ರೇಗ್ ನನ್ನ ಹೆಸರು ಹೇಳಿದ.

ಹೋದೆ. ಮ್ಯಾಚಿಡೀ ಬೆಂಚಿನ ತುದಿಯಲ್ಲಿ ಕೂತು, ಆಟಗಾರರು ಐಸಿಗೆ ಇಳಿಯುವಾಗ, ಹತ್ತುವಾಗ ಅಲ್ಲಿನ ಚಿಕ್ಕ ಬಾಗಿಲು ತೆಗೆದೆ, ಹಾಕಿದೆ. ನನ್ನ ಪ್ರೊಫೆಷನಲ್ ಕೆರಿಯರು ಅಷ್ಟೇ.

ನನ್ನ ಹೆಂಡತಿ ಸುಮಾ ಇದನ್ನು ತಮಾಷೆಗೆ ಅಂತ ಯಾರಿಗೋ ಫೋನಿನಲ್ಲಿ ಹೇಳಿದಳು. ಇಲಿ ಹೋಯಿತು ಅಂದರೆ ಹುಲಿ ಹೋಯಿತು ಅನ್ನುವ ಜನ ನಾವು... ಗೌಡರ ಕಿವಿಗೆ ಬೀಳುವ ಹೊತ್ತಿಗೆ ನಾನು ಟೀಮನ್ನೇ ಗೆಲ್ಲಿಸಿದ್ದೆ.

ರಾಜ್ಯೋತ್ಸವಕ್ಕೆ ಬನ್ನಿ ಅಂತಷ್ಟೇ ಹೇಳಿದ್ದರು. ಸನ್ಮಾನದ ಸುದ್ದಿ ನನಗೆ ಗೊತ್ತಿರಲಿಲ್ಲ. ಕ್ರೇಗ್‌ನನ್ನು ಕರೆದುಕೊಂಡು ಹೋಗಿದ್ದು ನಾನೇ. ಆ ವಾರವೇ ಅವನನ್ನು ಟೀಮಿನಿಂದ ತೆಗೆದಿದ್ದರು. ಡಾಟ್‌ಕಾಮ್ ಕಾಲ ಅದು. ನಮ್ಮಂಥವರು ಬೆಳಿಗ್ಗೆ ಕೆಲಸ ಬಿಟ್ಟರೆ ಸಂಜೆಗೆ ಇನ್ನೊಂದು ಸಿಗುತ್ತಿತ್ತು. ಮೊಣಕಾಲು ಕೆಟ್ಟ ಗೋಲ್‌ಕೀಪರಿಗೆ ಯಾರು ಕೆಲಸ ಕೊಡುತ್ತಾರೆ? ಒಬ್ಬನೇ ಮನೆಯಲ್ಲಿ ಕೂರೋದು ಬೇಡ, ಬಿಸಿಬೇಳೆಬಾತ್ ತಿಂದು ಬರೋಣ ಬಾ ಅಂದಿದ್ದೆ.

ಭಾಷಣ ಕನ್ನಡದಲ್ಲಿದ್ದರೂ ನಡುನಡುವೆ "ಐಸ್ ಹಾಕಿ", "ಗೋಲ್‌ಕೀಪರ್" ಅನ್ನುವುದು ಅವನಿಗೂ ಕೇಳಿಸುತ್ತಿತ್ತು. ಆ ಪದ ಬಂದಾಗಲೆಲ್ಲ ಕತ್ತೆತ್ತಿ ನನ್ನನ್ನು ನೋಡುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಎದ್ದು ಮೈಕಿಗೆ ಹೋದೆ. ನಾನು ಆಡೇ ಇಲ್ಲ, ಬರೀ ಬಾಗಿಲು ತೆಗೆದೆ ಅಂದೆ. ಜನ ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು.

ಗೌಡರು ಮೈಕು ಕಿತ್ತುಕೊಂಡರು. "ನೋಡ್ರಪ್ಪ, ಇದು ವಿನಯ ಅಂದ್ರೆ. ತುಂಬಿದ ಕೊಡ ತುಳುಕಾಕಿಲ್ಲ."

ಬಿಡಲಿಲ್ಲ ನಾನು. ಹಿಂದಿನ ಸಾಲಿಗೆ ಕೈ ತೋರಿಸಿ, ನಿಜವಾದ ಗೋಲ್‌ಕೀಪರ್ ಅಲ್ಲಿದ್ದಾನೆ, ನನಗೆ ಕಲಿಸಿದವನೇ ಅವನು, ಈ ಶಾಲು ಅವನಿಗೆ ಸಲ್ಲಬೇಕು ಅಂದೆ.

ಅದು ಇನ್ನೂ ಎಡವಟ್ಟಾಯಿತು.

"ಗುರುಭಕ್ತಿ! ಇಲ್ಲಿಗ್ ಬಂದ್ರೂ ಗುರೂನ ಮರ್ತಿಲ್ಲ ನೋಡಿ" ಅಂದರು ಗೌಡರು. ಗುರುಗಳ ಕೈಯಿಂದಲೇ ಪೇಟ ತೊಡಿಸೋಣ ಅಂತ ಘೋಷಣೆಯೂ ಆಯಿತು. ಸಭೆಯಲ್ಲಿ ಒಬ್ಬ ಬಿಳಿಯ ಸಿಕ್ಕರೆ ನಮ್ಮವರು ಸುಮ್ಮನೆ ಬಿಡುತ್ತಾರೆಯೇ? ಇಬ್ಬರು ಹೋಗಿ ಕೈ ಹಿಡಿದು ಕರೆದುಕೊಂಡೇ ಬಂದರು.

ಕ್ರೇಗ್ ಕುಂಟುತ್ತಾ ಮೆಟ್ಟಿಲು ಹತ್ತಿದ. ತಟ್ಟೆಯಿಂದ ಪೇಟ ಎತ್ತಿ ನನ್ನ ತಲೆಗಿಟ್ಟ. ಸ್ವಲ್ಪ ಓರೆಯಾಗಿತ್ತು ಅಂತ ಕಾಣುತ್ತೆ... ರಿಂಕಿನಲ್ಲಿ ನನ್ನ ಮಾಸ್ಕು ಸರಿಮಾಡುತ್ತಿದ್ದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿದ. ಆಮೇಲೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಫೋಟೋಗೆ ನಗಿ ಅಂದರು. ನಾನು ತಲೆ ತಗ್ಗಿಸಿದೆ, ಅದೂ ವಿನಯವಾಯಿತು.

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಇನ್ಯಾವತ್ತೂ ಆಗಿಲ್ಲ.

ವಾಪಸ್ಸು ಬರುವಾಗ ಕಾರಿನಲ್ಲಿ ನಾನು ಪೇಟವನ್ನು ಹಿಂದಿನ ಸೀಟಿಗೆ ಎಸೆದೆ. ಅಲ್ಲಿ ಕೂತಿದ್ದ ಸುಮಾ ಅದನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು. 

ಹೈವೇಯಿಂದ ಇಳಿಯುವ ಕ್ಯಾಂಪ್‌ಬೆಲ್ ಎಕ್ಸಿಟ್ ಬಂದಾಗ ಕ್ರೇಗ್ ಮೆಲ್ಲಗೆ ಕೇಳಿದ. ಅಷ್ಟು ಸಲ ಗೋಲ್‌ಕೀಪರ್ ಅಂದರಲ್ಲ, ಅದರಲ್ಲಿ ಒಂದಾದರೂ ನನ್ನ ಬಗ್ಗೆ ಇತ್ತಾ?

ನಾನು ರಸ್ತೆ ನೋಡುತ್ತಾ, ಎಲ್ಲವೂ ನಿನ್ನ ಬಗ್ಗೆಯೇ ಅಂದೆ.

ಅವನು ಕಿಟಕಿಯ ಕಡೆ ತಿರುಗಿಕೊಂಡ. ಹಾಗೇ "ಥ್ಯಾಂಕ್ಸ್, ಮ್ಯಾನ್" ಅಂದ. ನಂಬಿದನೋ, ನನ್ನ ಮುಖ ಉಳಿಸಿದನೋ, ಇವತ್ತಿಗೂ ಗೊತ್ತಿಲ್ಲ.

ಕೆಲವೇ ದಿನಗಳಲ್ಲಿ ಮನೆ ಖಾಲಿ ಮಾಡಿ ಊರಿಗೆ ಹೊರಟುಹೋದ. ಶಾಲು, ಪೇಟ ಎರಡನ್ನೂ ಅವನ ಕಾರಿನಲ್ಲಿ ಇಡಲು ಹೋದೆ. ತೆಗೆದುಕೊಳ್ಳಲಿಲ್ಲ.

ಅವೆರಡೂ ಈಗಲೂ ನಮ್ಮ ಬಟ್ಟೆ ಕ್ಲಾಸೆಟ್ಟಿನ ಮೇಲಿನ ಶೆಲ್ಫಿನಲ್ಲಿವೆ. ಮಗ ಗೆಳೆಯರ ಮುಂದೆ "ಮೈ ಡ್ಯಾಡ್ ಪ್ಲೇಯ್ಡ್ ಪ್ರೊ" ಅಂದಾಗಲೆಲ್ಲ ನಾನು ಇಲ್ಲಪ್ಪ ಅನ್ನುತ್ತೇನೆ, ಅವರೂ ಅದನ್ನು ವಿನಯ ಅಂದುಕೊಳ್ಳುತ್ತಾರೆ.

ಬೇರೆಯವರಿಗೆ ಸಲ್ಲಬೇಕಾದ ಶಾಲು ನಿಮ್ಮ ಹೆಗಲಿಗೆ ಬಿದ್ದರೆ, ನೀವಾದರೂ ಅದನ್ನು ಹೇಗೆ ಇಳಿಸುತ್ತೀರಿ?