ಸೊಂಟ ನೋವೆಂದು ದೇವಿಗೆ ಸುಳ್ಳು ಹೇಳಿದ್ದು

ಅಮ್ಮನ ಪಾದ ನಂಬಿದ ಎಲ್ಲರಿಗೂ ಭಟ್ಕಳ–ಕುಮಟಾ ಟೆಂಪೋ ಓಡಿಸುವ ಮಂಜುನಾಥನ ನಮಸ್ಕಾರ. ಇದನ್ನು ಬರೆಯಲು ಆರು ತಿಂಗಳು ನಾಚಿಕೆ ಬಿಡಲಿಲ್ಲ. ಬರೆಯುತ್ತೇನೆಂದು ದೇವಿಗೆ ಮಾತು ಕೊಟ್ಟಾಗಿದೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ. ಊಟಕ್ಕೆ ಕೂತವರು ಊಟ ಮುಗಿಸಿಯೇ ಓದಿ.

ಕಳೆದ ವರ್ಷ ಚೌತಿ ಮುಗಿದ ವಾರ, ಬೆಳಿಗ್ಗೆ ಕಕ್ಕಸಿನಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ. ನನ್ನ ಅಪ್ಪ ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡವರು. ನನಗೂ ಅದೇ ಬಂತು, ಕತೆ ಮುಗಿಯಿತು ಎಂದು ನಾನೇ ತೀರ್ಮಾನ ಮಾಡಿ, ಯಾರಿಗೂ ಹೇಳದೆ ಟೆಂಪೋ ಹತ್ತಿದೆ.

ಇಪ್ಪತ್ತೆರಡು ವರ್ಷದಿಂದ ನನ್ನ ಬದುಕು ಆ ಸೀಟಿನ ಮೇಲೆ. ನಮ್ಮ ಕಸುಬಿನಲ್ಲಿ ಹೊಟ್ಟೆ ಕರೆದಾಗ ಗಾಡಿ ನಿಲ್ಲಿಸುವ ಪದ್ಧತಿಯಿಲ್ಲ. ನಿಲ್ಲಿಸಿದರೆ ಹಿಂದಿನ ಟೆಂಪೋದವನು ಮುಂದೆ ಹೋಗಿ ಹೊನ್ನಾವರದ ಜನರನ್ನೆಲ್ಲ ತುಂಬಿಕೊಳ್ಳುತ್ತಾನೆ. ಭಟ್ಕಳದಲ್ಲಿ ಬಂದದ್ದನ್ನು ಕುಮಟೆಯವರೆಗೆ ತಡೆದುಕೊಳ್ಳುವುದನ್ನು ನಾವು ಚಾಲಕರು ಒಂದು ಜಾಣತನವೆಂದೇ ತಿಳಿದಿದ್ದೆವು. ಇಳಿಯಬೇಕಾಗುತ್ತದೆಂದು ನೀರೂ ಕುಡಿಯುತ್ತಿರಲಿಲ್ಲ. ಮಧ್ಯಾಹ್ನಕ್ಕೆ ಒಣಮೀನು, ಅದರ ಮೇಲೆ ಖಾರದ ಚಟ್ನಿ.

ಸ್ವಲ್ಪ ದಿನದಲ್ಲಿ ನೋವೂ ಶುರುವಾಯಿತು. ಹೆದ್ದಾರಿಯ ಒಂದೊಂದು ಹಂಪೂ ಬಾಯಿಪಾಠವಾಯಿತು. ಒಂದು ಕುಂಡೆ ಎತ್ತಿ ವಾಲಿಕೊಂಡು ಗಾಡಿ ಹೊಡೆಯುತ್ತಿದ್ದೆ.

ಹೆಂಡತಿ ಲಲಿತಾ ಕೇಳಿಯೇಬಿಟ್ಟಳು, "ಎಂತ ಆತು ನಿಮಗೆ? ವಾಲಿಕೊಂಡು ಕೂರೂದು ಎಂತಕ್ಕೆ?"

"ಸೊಂಟ ನೋವು ಮಾರಾಯ್ತಿ" ಎಂದೆ. ಪಾಪ, ಅವಳು ದಿನಾ ಸಂಜೆ ಎಣ್ಣೆ ಬಿಸಿ ಮಾಡಿ ಸೊಂಟಕ್ಕೆ ತಿಕ್ಕಿದಳು, ಉಪ್ಪಿನ ಗಂಟಿನಲ್ಲಿ ಶಾಖ ಕೊಟ್ಟಳು. ಎರಡು ತಿಂಗಳು ನನ್ನ ಸೊಂಟಕ್ಕೆ ರಾಜೋಪಚಾರ ನಡೆಯಿತು. ನೋವಿದ್ದದ್ದು ಅಲ್ಲಿಂದ ಒಂದು ಗೇಣು ಕೆಳಗೆ.

ಎಣ್ಣೆ ಡಬ್ಬಿ ಖಾಲಿಯಾದರೂ ನಾನು ನೆಟ್ಟಗಾಗದ್ದು ಕಂಡು, ದೀಪಾವಳಿ ಕಳೆದ ಮಂಗಳವಾರ ಪ್ರಸಾದ ಕೇಳಲು ಅಮ್ಮನ ಗುಡಿಗೆ ಎಳೆದುಕೊಂಡು ಹೋದಳು. ನಮ್ಮ ಕಡೆಯ ಕ್ರಮ ನಿಮಗೆ ಗೊತ್ತು. ಭಟ್ಟರು ಒದ್ದೆ ಹೂವಿನೆಸಳನ್ನು ಮೂರ್ತಿಗೆ ಅಂಟಿಸುತ್ತಾರೆ, ನಾವು ಕಷ್ಟ ಹೇಳಿಕೊಳ್ಳಬೇಕು. ಬಲಕ್ಕೆ ಬಿದ್ದರೆ ಅಮ್ಮ ಒಪ್ಪಿದಳು, ಎಡಕ್ಕೆ ಬಿದ್ದರೆ ಇಲ್ಲ. ಬೀಳದೇ ನಿಂತರೆ ನಮ್ಮಲ್ಲೇ ಏನೋ ಐಬು.

"ಎಂತ ತೊಂದ್ರೆ? ಗಟ್ಟಿಯಾಗಿ ಹೇಳು, ದೇವಿಗೆ ಕೇಳಬೇಕು" ಎಂದರು ಭಟ್ಟರು.

"ಸೊಂಟ ನೋವು."

ಎಸಳು ಅಲುಗಲಿಲ್ಲ. ಇನ್ನೊಮ್ಮೆ ಹೇಳಿದೆ, ಗಂಟೆ ಬಾರಿಸಿದರು. ಊಹೂಂ. ಭಟ್ಟರು ತಿರುಗಿ ನನ್ನನ್ನೇ ನೋಡಿ, "ನೀನು ಎಂತದೋ ಮುಚ್ಚಿಟ್ಟಿದ್ದೆ" ಎಂದರು.

ನನ್ನ ಹಿಂದೆ ಮೂವತ್ತು ಜನರ ಸಾಲು. ಹೆಚ್ಚಿನವರು ನನ್ನ ಟೆಂಪೋದಲ್ಲೇ ದಿನಾ ಓಡಾಡುವವರು. ಆದರೆ ಅಮ್ಮನ ಮುಖ ನೋಡಿದಾಗ ನನಗೆ ತಡೆಯಲಾಗಲಿಲ್ಲ, ಅಳು ಬಂತು. "ಅಮ್ಮಾ, ಸೊಂಟ ಅಲ್ಲ, ಕೂರೂ ಜಾಗ. ರಕ್ತ ಹೋಗ್ತದೆ. ಅಪ್ಪನ ಹಾಗೆ ಸಾಯ್ತೇನೆ ಅಂತ ಹೆದರಿಕೆ" ಎಂದೆ. ಮೆಲ್ಲಗೇ ಹೇಳಿದೆನೆಂದು ನನ್ನ ಲೆಕ್ಕ. ಬಸ್ ಸ್ಟ್ಯಾಂಡಿನಲ್ಲಿ "ಹೊನ್ನಾವರ, ಕುಮಟಾ" ಎಂದು ಕೂಗಿ ಪಳಗಿದ ಗಂಟಲು ನೋಡಿ, ಹೊರಗೆ ಚಪ್ಪಲಿ ಬಿಡುತ್ತಿದ್ದವರಿಗೂ ಕೇಳಿತಂತೆ.

ಎಸಳು ಬಲಕ್ಕೆ ಬಿತ್ತು.

"ಎರಡು ತಿಂಗಳು ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಂಡ್ರಲ್ಲ, ಒಂದು ಮಾತು ಹೇಳೂಕೆ ಆಗ್ಲಿಲ್ವಾ?" ಎಂದು ಲಲಿತಾ ಅಲ್ಲೇ ಅತ್ತಳು. ಅದು ನೋವಿಗಿಂತ ಹೆಚ್ಚು ಚುಚ್ಚಿತು.

ಈಗ ಸಾಲಿನವರು ನಗುತ್ತಾರೆಂದು ತಲೆ ತಗ್ಗಿಸಿ ನಿಂತೆ. ಯಾರೂ ನಗಲಿಲ್ಲ. ಹೊನ್ನಾವರದಿಂದ ತರಕಾರಿ ಬುಟ್ಟಿ ಹೊತ್ತು ನನ್ನ ಗಾಡಿ ಹತ್ತುವ ದೇವಮ್ಮಜ್ಜಿ ಮುಂದೆ ಬಂದು, "ಅದಕ್ಕೆ ಸಾಯೂದು ಎಂತಕ್ಕೆ ತಮಾ? ನಂಗೆ ಏಳು ವರ್ಷ ಇತ್ತು. ಕುಮಟೆಯ ಆಯುರ್ವೇದದ ಡಾಕ್ಟರಮ್ಮನ ಹತ್ರ ಹೋಗು" ಎಂದಳು. ಅಜ್ಜಿ ಬಾಯಿ ಬಿಟ್ಟದ್ದೇ ತಡ, ಉಳಿದವರೂ ಶುರು ಮಾಡಿದರು. ಬ್ಯಾಂಕಿನ ಗುಮಾಸ್ತರಿಗೆ ಇದೆ, ಮೇಷ್ಟರಿಗೆ ಇತ್ತು, ತೆಂಗಿನಗುಂಡಿಯ ಮೀನು ವ್ಯಾಪಾರಿಗೆ ಆಗಾಗ ಬಂದು ಹೋಗುತ್ತದೆ. ಆ ಸಾಲಿನಲ್ಲಿ ನೆಟ್ಟಗೆ ಕೂರಬಲ್ಲವರು ಎಷ್ಟು ಮಂದಿಯೋ, ಅಮ್ಮನಿಗೇ ಗೊತ್ತು.

ಮರುದಿನ ಇನ್ನೊಬ್ಬನ ಟೆಂಪೋದಲ್ಲಿ, ಸೀಟು ಖಾಲಿ ಇದ್ದರೂ ನಿಂತೇ ಕುಮಟೆಗೆ ಹೋದೆ.

ಡಾಕ್ಟರಮ್ಮ ಪರೀಕ್ಷೆ ಮಾಡಿ, "ಇದು ಮೂಲವ್ಯಾಧಿ, ನಮ್ಮ ಶಾಸ್ತ್ರದಲ್ಲಿ ಅರ್ಶಸ್ಸು ಅಂತಾರೆ. ಆದರೆ ರಕ್ತ ಕಂಡದ್ದೆಲ್ಲ ಮೂಲವ್ಯಾಧಿಯೇ ಅಂತ ಸುಮ್ಮನಿರಬಾರದು. ಅಪ್ಪನಿಗೆ ಕ್ಯಾನ್ಸರ್ ಇತ್ತಲ್ಲ, ಆಸ್ಪತ್ರೆಯಲ್ಲಿ ಕರುಳಿನೊಳಗೆ ದುರ್ಬೀನು ಹಾಕಿಸಿ ನೋಡಿಸಿಕೊಂಡು ಬನ್ನಿ, ಆಮೇಲೆ ನನ್ನ ಔಷಧಿ" ಎಂದರು. ಹಾಕಿಸಿದೆ. ಕ್ಯಾನ್ಸರ್ ಇಲ್ಲ ಎಂದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಾವಿಬ್ಬರೂ ಕೈ ಹಿಡಿದುಕೊಂಡು ಅತ್ತೆವು. ಲಲಿತಾ ಕೂತು, ನಾನು ನಿಂತು.

ಮತ್ತೆ ಹೋದಾಗ ಡಾಕ್ಟರಮ್ಮ ಬೈದರು. ಬಂದ ಕರೆಯನ್ನು ತಡೆದರೆ ಮಲ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದಕ್ಕೆ ತಿಣುಕಿದರೆ ಒಳಗಿನ ರಕ್ತನಾಳ ಊದಿ ಗಂಟಾಗುತ್ತದೆ, ನನ್ನ ಜಾಣತನವೇ ನನ್ನ ರೋಗ ಎಂದರು. ರಾತ್ರಿ ಅಳಲೆಕಾಯಿ ಪುಡಿ, ಮಧ್ಯಾಹ್ನ ಕಡೆದ ಮಜ್ಜಿಗೆ, ದಿನಕ್ಕೆರಡು ಸಲ ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೂರುವುದು. ದೊಡ್ಡ ಗಂಟಿನ ಬುಡಕ್ಕೆ ಔಷಧಿ ಸವರಿದ ನೂಲು ಕಟ್ಟಿದರು. ಕ್ಷಾರಸೂತ್ರವೆಂದು ಅದರ ಹೆಸರು. ಕೆಲವು ದಿನಕ್ಕೆ ನೂಲಿನ ಜೊತೆ ಗಂಟೂ ಉದುರಿತು. ಒಣಮೀನು ಬಂದ್, ಸುವರ್ಣಗಡ್ಡೆ ಚಾಲೂ. ಪಲ್ಯ, ಸಾಂಬಾರು, ಹುರಿದದ್ದು, ಬೇಯಿಸಿದ್ದು, ಎಲ್ಲವೂ ಗಡ್ಡೆಯೇ. ಹುಳಿ ಕಮ್ಮಿ ಹಾಕಿ ನನ್ನ ಗಂಟಲು ತುರಿಸುವಂತೆ ಮಾಡಿದ್ದು ಲಲಿತಾಳ ಎಣ್ಣೆಯ ಸೇಡು ಎಂದು ನನಗೆ ಈಗಲೂ ಅನುಮಾನ. ಈಗ ಹೊನ್ನಾವರದಲ್ಲಿ ಐದು ನಿಮಿಷ ಗಾಡಿ ನಿಲ್ಲಿಸುತ್ತೇನೆ. ಎಂತಕ್ಕೆ ಎಂದು ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಅಮ್ಮನಿಗೆ ಸುವರ್ಣಗಡ್ಡೆಯ ತುಲಾಭಾರ ಒಪ್ಪಿಸಿದೆ. ತಕ್ಕಡಿಯಲ್ಲಿ ಎರಡೂ ಕುಂಡೆ ಊರಿ ನೆಟ್ಟಗೆ ಕೂತು ಕೈ ಮುಗಿದಾಗ, ಇದಕ್ಕಿಂತ ದೊಡ್ಡ ಸುಖ ಬೇರೆ ಬೇಡ ಅನ್ನಿಸಿತು.

ಜನ ಚದುರಿದ ಮೇಲೆ ಭಟ್ಟರು ಹತ್ತಿರ ಕರೆದು, "ಆ ಡಾಕ್ಟರಮ್ಮ ಕುಮಟೆಯಲ್ಲಿ ಎಲ್ಲಿ ಕೂರೂದು?" ಎಂದರು.

"ಯಾರಿಗೆ ಭಟ್ರೆ?"

"ನಮ್ಮ ಪರಿಚಯದವರೊಬ್ಬರಿಗೆ. ಪೂಜೆಗೆ ಕೂತು ಕೂತು ಸೊಂಟ ನೋವಂತೆ."

ಅವರು ಮಣೆಯ ಮೇಲೆ ವಾಲಿಕೊಂಡು ಕೂತದ್ದು ನಾನು ಆಗ ಗಮನಿಸಿದೆ. "ಗಟ್ಟಿಯಾಗಿ ಹೇಳಿ ಭಟ್ರೆ" ಎಂದೆ, "ದೇವಿಗೆ ಕೇಳಬೇಕು."

ಮರುದಿನ ಮೊದಲ ಟ್ರಿಪ್ಪಿಗೆ ಭಟ್ಟರು ನನ್ನ ಟೆಂಪೋ ಹತ್ತಿದರು. ಸೀಟು ಖಾಲಿ ಇದ್ದರೂ ಕುಮಟೆಯವರೆಗೆ ನಿಂತೇ ಬಂದರು. ಹಂಪು ಬಂದಲ್ಲೆಲ್ಲ ನಾನು ನಿಧಾನ ಮಾಡಿದೆ.