ಅಗಲಿಸಿ ಕಟ್ಟಿದ ಕೈ

ಮೊನ್ನೆ ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಬರುವ ಬಸ್ಸಿನಲ್ಲಿ ಒಬ್ಬ ಅಜ್ಜಿ ಬಂದು ನನ್ನ ಪಕ್ಕ ಕೂತರು. ಮುಂಗೈ ಮುರಿದಿತ್ತೋ ಉಳುಕಿತ್ತೋ, ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತಿದ್ದರು. ಕಿಟಕಿ ತೆಗೆದಿದ್ದರೂ ಆ ಕಟ್ಟಿನ ವಾಸನೆ ಮೂಗಿಗೆ ಬಡಿಯಿತು. ಒಣಗಿದ ಮೊಟ್ಟೆಯ ಲೋಳೆ, ಅರೆದ ಸೊಪ್ಪು, ಹರಳೆಣ್ಣೆ, ಎಲ್ಲ ಸೇರಿದ ಒಂಥರಾ ಹಸಿ ನಾತ. ಎಲ್ಲಿಗೆ ಹೋಗಬೇಕು ತಾಯಿ ಎಂದು ಅಜ್ಜಿ ಮಾತಿಗೆಳೆದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಬಿಟ್ಟೆ. ಸೊಕ್ಕಿನವಳು ಅಂದುಕೊಂಡಿರಬೇಕು, ಪಾಪ. ನನಗೆ ಆಗ ನೆನಪಾಗಿದ್ದು ನನ್ನ ಗಿಟಾರ್ ಮೇಷ್ಟ್ರ ಎಡಗೈ...

ಮೇಷ್ಟ್ರು ಪಾಠ ಹೇಳುತ್ತಿದ್ದುದು ಹುಣಸೂರಿನಲ್ಲಿ, ಒಂದು ರಾಗಿ ಮಿಲ್ಲಿನ ಮೇಲಿನ ಶೀಟಿನ ಮಾಳಿಗೆಯಲ್ಲಿ. ಕೆಳಗೆ ಬೆಲ್ಟು ಟಕ್ ಟಕ್ ಅಂತ ಸದ್ದು ಮಾಡುತ್ತಿತ್ತು. ಅದೇ ನಮ್ಮ ತಾಳ. ಕರೆಂಟು ಹೋದರೆ ಮಿಲ್ಲೂ ನಿಲ್ಲುತ್ತಿತ್ತು, ನಮ್ಮ ತಾಳವೂ ತಪ್ಪುತ್ತಿತ್ತು. ಮಳೆಗಾಲ, ಚಳಿಗಾಲ ಎನ್ನದೆ ಎಲ್ಲರ ತಲೆಯ ಮೇಲೂ ತೆಳುವಾಗಿ ಹಿಟ್ಟು ಕೂತಿರುತ್ತಿತ್ತು. ನಾನು ಆಗ ಒಂದು ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಹಾಡು ಕಲಿಸುತ್ತಿದ್ದೆ. ಚಪ್ಪಾಳೆ ತಟ್ಟಿ ತಟ್ಟಿ ಬೇಜಾರಾಗಿ, ಗಿಟಾರ್ ಕಲಿತರೆ ಹೇಗೆ ಅನ್ನುವ ಹುಚ್ಚು ಹತ್ತಿತ್ತು. ಅವ್ವ ಬೈದಳು. ಮದುವೆ ವಯಸ್ಸಿನ ಹುಡುಗಿ ತಂತಿ ಮೀಟಿಕೊಂಡು ಕೂತರೆ ನೋಡಿದವರು ಏನಂದಾರು ಅನ್ನುವುದು ಅವಳ ಚಿಂತೆ. ನಾನು ಕೇಳಿದ್ದರೆ ತಾನೆ!

ನನ್ನವು ಗಿಡ್ಡ ಬೆರಳು. ಮೊದಲ ದಿನ ಮೇಷ್ಟ್ರು ನನ್ನ ಅಂಗೈ ಹಿಡಿದು, ತಿರುಗಿಸಿ ನೋಡಿ, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಮುಖ ಮಾಡಿದರು. ಆಮೇಲೆ ನಕ್ಕರು. ಬೆರಳು ಉದ್ದ ಆಗುವುದಿಲ್ಲ, ಆದರೆ ಬೆರಳುಗಳ ನಡುವೆ ಜಾಗ ಆಗುತ್ತದೆ, ಅದಕ್ಕೆ ಅವಸರ ಮಾಡಬಾರದು ಅಂದರು. ಗಿಟಾರಿನ ಕೊರಳಿನ ಮೇಲೆ ಅಡ್ಡಡ್ಡ ಇರುವ ಪಟ್ಟಿಗಳ ನಡುವಿನ ಜಾಗಕ್ಕೆ ಅವರು 'ಮನೆ' ಅನ್ನುತ್ತಿದ್ದರು. ಹೊಟ್ಟೆಯ ಕಡೆಗೆ ಇರುವ ಮನೆಗಳು ಕಿರಿದು, ತಲೆಯ ಕಡೆಗೆ ಹೋದಂತೆ ಅಗಲ. ಹಾಗಾಗಿ ಮೊದಲು ಕಿರಿದಾದ ಮನೆಗಳಲ್ಲಿ ನಾಲ್ಕು ಬೆರಳನ್ನೂ ಒಂದೊಂದಾಗಿ ಊರಿಸುತ್ತಿದ್ದರು. ಅಲ್ಲಿ ಸಲೀಸಾದ ಮೇಲೆ ಒಂದು ಮನೆ ಹಿಂದಕ್ಕೆ. ಹೆಬ್ಬೆರಳು ಕೊರಳಿನ ಬೆನ್ನಿಗೆ, ಒತ್ತುವ ಬೆರಳು ಬಿಟ್ಟು ಮಿಕ್ಕವು ತಂತಿಯ ಹತ್ತಿರವೇ. ಕಿರುಬೆರಳು ಆಕಾಶ ನೋಡಿದರೆ ಪೆನ್ನಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಪಾಠಕ್ಕೆ ಮುಂಚೆ ಬಿಸಿನೀರಿನ ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳಬೇಕು. ನೋವು ಬಂದರೆ ನಿಲ್ಲಿಸಬೇಕು. ಈ ಕೊನೆಯದನ್ನು ಮಾತ್ರ ಪಾಠಕ್ಕೊಮ್ಮೆ ಹೇಳುತ್ತಿದ್ದರು.

"ನೋವು ಬಂದ್ರೆ ಬುಟ್ಬುಡು ಕಣವ್ವ. ಹಟ ಮಾಡಿ ಕೈ ಕೆಡಿಸ್ಕಂಡ್ರೆ ಗಿಟಾರೇನು ಬಂದು ನೋಡ್ಕತ್ತದಾ?"

ಅವರು ಗಾವಡಗೆರೆ ಕಡೆಯ ಒಕ್ಕಲು ಮನೆಯವರು. ಅಣ್ಣ ಜಮೀನು ನೋಡಿಕೊಳ್ಳುತ್ತಿದ್ದರು. ಹೊಗೆಸೊಪ್ಪಿನ ಕಾಲ ಬಂತೆಂದರೆ ಮೇಷ್ಟ್ರೂ ಊರಿಗೆ ಹೋಗಿ ಎಲೆಗಳನ್ನು ದಾರದಿಂದ ಕಡ್ಡಿಗೆ ಕಟ್ಟಿ, ಬಿಸಿ ಕೊಟ್ಟು ಒಣಗಿಸುವ ಬ್ಯಾರನ್ನಿಗೆ ಏರಿಸಿ ಬರುತ್ತಿದ್ದರು. ಆ ದಿನಗಳಲ್ಲಿ ಅವರ ಬೆರಳೆಲ್ಲ ಎಲೆಯ ಅಂಟಿನಿಂದ ಕಪ್ಪಾಗಿರುತ್ತಿತ್ತು. ಆ ಕಪ್ಪು ಬೆರಳಿನಲ್ಲೇ ತಂತಿಯ ಮೇಲೆ ಓಡಾಡಿದರೆ... ಅಬ್ಬಾ, ನೋಡಬೇಕಿತ್ತು ನೀವು. ನಮ್ಮ ಸೀಮೆಯ ಆರ್ಕೆಸ್ಟ್ರಾಗಳಿಗೆಲ್ಲ ಅವರೇ ಬೇಕು. ಅಲ್ಲಿ ಬೇರೆಯವರು ಹಾಡುತ್ತಿದ್ದರು, ಜನ ಇವರ ಕೈ ನೋಡುತ್ತಿದ್ದರು.

ಕೆ.ಆರ್.ನಗರದ ಒಂದು ಛತ್ರದಲ್ಲಿ ಆರತಕ್ಷತೆಗೆ ಬಾರಿಸುವಾಗ ಮೊದಲ ಸಲ ಹಾಗಾಯಿತು. ನಾನೂ ಊಟಕ್ಕೆ ಹೋಗಿದ್ದೆ, ಹೆಣ್ಣಿನ ಕಡೆಯವರು ನಮಗೆ ದೂರದ ನೆಂಟರು. ಹಾಡಿನ ನಡುವೆ ಅವರು ತಟಕ್ಕನೆ ಕೈ ತೆಗೆದು ಕೊಡವಿದರು. ಕಿರುಬೆರಳು ತನ್ನಷ್ಟಕ್ಕೆ ಅಂಗೈಯೊಳಗೆ ಮಡಚಿಕೊಂಡಿತ್ತು. ಮತ್ತೆ ಇಟ್ಟರು, ಮತ್ತೆ ಮಡಚಿತು. ಕೀಬೋರ್ಡಿನವನು ಅವರ ಪಾಲನ್ನೂ ಬಾರಿಸಿ ಹೇಗೋ ದಾಟಿಸಿದ. ಜನಕ್ಕೇನೂ ಗೊತ್ತಾಗಲಿಲ್ಲ. ಮೇಷ್ಟ್ರು ಮಾತ್ರ ಊಟಕ್ಕೆ ಕೂರಲಿಲ್ಲ.

ಆಮೇಲೆ ಉಂಗುರದ ಬೆರಳೂ ಅದರ ಜೊತೆ ಸೇರಿತು. ವಿಚಿತ್ರವೆಂದರೆ ಗಿಟಾರ್ ಮುಟ್ಟಿದಾಗ ಮಾತ್ರ. ಮಿಕ್ಕ ಹೊತ್ತಿನಲ್ಲಿ ಕೈ ಚೆನ್ನಾಗೇ ಇತ್ತು. ಅಂಗಿ ಗುಂಡಿ ಹಾಕುತ್ತಿದ್ದರು, ಸ್ಕೂಟರ್ ಕ್ಲಚ್ಚು ಹಿಡಿಯುತ್ತಿದ್ದರು, ಊರಿಗೆ ಹೋದರೆ ಹೆಂಗಸರಿಗಿಂತ ಚುರುಕಾಗಿ ಸೊಪ್ಪು ಕಟ್ಟುತ್ತಿದ್ದರು. ಹಾಗಾಗಿ ಯಾರೂ ನಂಬಲಿಲ್ಲ. ಅವರ ಅಣ್ಣ ಒಂದು ದಿನ ಮಾಳಿಗೆಗೇ ಬಂದು, ನಾನಿದ್ದೇನೆ ಅಂತಲೂ ನೋಡದೆ ಕೇಳಿದರು.

"ಸೊಪ್ಪು ಕಟ್ತೀಯ, ಗಂಟು ಬಿಚ್ತೀಯ. ಇದ ಮುಟ್ಟುದ್ರೆ ಮಾತ್ರ ಕೈ ಬರಾಕಿಲ್ವಾ? ಯಾವನಿಗ್ಲಾ ಯೋಳ್ತೀಯ ಇದ?"

ಯಾಕೆ ಹೀಗಾಗುತ್ತದೆ ಅಂತ ಮೇಷ್ಟ್ರಿಗೇ ಗೊತ್ತಿರಲಿಲ್ಲ. ಯಾರೋ ಕಣ್ಣು ಹಾಕಿದ್ದಾರೆ ಅಂತ ಅವರ ಹೆಂಡತಿ, ನಾವು ಅಕ್ಕ ಅನ್ನುತ್ತಿದ್ದೆವು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೈಸೂರಿನ ದೊಡ್ಡ ಡಾಕ್ಟರು ಎಕ್ಸ್‌ರೇ ತೆಗೆಸಿ, ನರದ ಪರೀಕ್ಷೆ ಮಾಡಿಸಿ, ಕೈಯಲ್ಲಿ ಏನೂ ಇಲ್ಲ, ವರ್ಷಗಟ್ಟಲೆ ಒಂದೇ ಕೆಲಸ ಮಾಡಿ ಮಿದುಳು ಈ ಎರಡು ಬೆರಳಿನ ಲೆಕ್ಕ ತಪ್ಪಿಸಿಕೊಂಡಿದೆ, ಕೆಲವು ತಿಂಗಳು ಗಿಟಾರ್ ಮುಟ್ಟಬೇಡಿ, ಆಮೇಲೆ ಮೊದಲಿನಿಂದ ನಿಧಾನವಾಗಿ ಕಲಿಯೋಣ ಅಂದರಂತೆ. ಎಷ್ಟು ಒಳ್ಳೆಯ ಮಾತು! ಆದರೆ ಮೇಷ್ಟ್ರಿಗೆ ಕೇಳಿಸಿದ್ದು ಮಿದುಳು ಅನ್ನುವುದೊಂದೇ. ನನ್ನನ್ನು ಹುಚ್ಚ ಅಂದ ಅಂತ ಸಿಟ್ಟಾಗಿ ಬಂದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಹಟ. ಪಾಠಕ್ಕೆ ಬಂದ ನಮಗೆ ಒಂದು ವರಸೆ ಕೊಟ್ಟು, ತಾವು ಮೂಲೆಯಲ್ಲಿ ಕೂತು ತಂತಿಯ ಮೇಲೆ ಬೆರಳೂರುತ್ತಿದ್ದರು. ಮಡಚಿಕೊಂಡ ಬೆರಳನ್ನು ಬಲಗೈಯಿಂದ ಬಿಡಿಸಿ ಇಡುವುದು, ಅದು ಮಡಚುವುದು, ಮತ್ತೆ ಬಿಡಿಸುವುದು. ಗಿಟಾರಿನ ಕೊರಳು ಬೆವರಿನಿಂದ ಒದ್ದೆಯಾಗುತ್ತಿತ್ತು. ನೋವಾಗುತ್ತಿತ್ತು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ನೀವೇ ಹೇಳಿದ್ದಲ್ವಾ ಸಾರ್, ನೋವು ಬಂದ್ರೆ ಬಿಡು ಅಂತ, ಎಂದು ನಾನು ಬಾಯಿಬಿಟ್ಟೇ ಹೇಳಿದೆ. ಅದು ಕಲಿಯೋರಿಗೆ ಕಣವ್ವ ಅಂತ ನಕ್ಕರು. ಆ ನಗು ನೋಡಿ ನನಗೆ ಅಳು ಬಂತು. ಮೆಟ್ಟಿಲಿಳಿದು ಮಿಲ್ಲಿನ ಮುಂದೆ ಸುಮ್ಮನೆ ನಿಂತಿದ್ದೆ.

ಹಂಪಾಪುರದ ಕಡೆ ಒಬ್ಬರು ನಾಟಿ ವೈದ್ಯರಿದ್ದರು, ಮೂಳೆ ಕೂಡಿಸಿ ಕಟ್ಟುವುದರಲ್ಲಿ ಹೆಸರಾದವರು. ನಮ್ಮ ಕಡೆ ಮರದಿಂದ ಬಿದ್ದರೂ ಗಾಡಿಯಿಂದ ಬಿದ್ದರೂ ಮೊದಲು ಹೋಗುವುದು ಅಂಥವರ ಹತ್ತಿರ, ಆಸ್ಪತ್ರೆ ಆಮೇಲೆ. ಅಲ್ಲಿಗೆ ಹೋಗೋಣವೆಂದವರು ಮೇಷ್ಟ್ರ ಅಣ್ಣ. ತಮ್ಮನ ಮಾತು ನಂಬದವರಿಗೂ ಒಳಗೆ ಸಂಕಟವಾಗಿತ್ತು ಅಂತ ನನಗೆ ಆಗ ಗೊತ್ತಾಯಿತು. ಅಕ್ಕನಿಗೆ ಜೊತೆಯಾಗಲಿ ಅಂತ ನನ್ನನ್ನೂ ಕರೆದುಕೊಂಡು ಹೋದರು.

ವೈದ್ಯರು ಕೈ ಒತ್ತಿ ನೋಡಿ, ಮೂಳೆಯೇನೂ ಮುರಿದಿಲ್ಲವಲ್ಲ ಅಂದರು. ಮೇಷ್ಟ್ರೇ ತಮ್ಮ ಯೋಚನೆ ಹೇಳಿದರು. ಬೆರಳು ಒಳಕ್ಕೆ ಮಡಚಿಕೊಳ್ಳುತ್ತದೆ, ಬಿಡಿಸಿ ನೇರ ಮಾಡಿ ಕಟ್ಟಿಬಿಟ್ಟರೆ ಮಡಚುವುದನ್ನು ಮರೆಯುತ್ತದೆ. ಹೇಗೂ ಕಟ್ಟುತ್ತೀರಿ, ನಾಲ್ಕು ಬೆರಳನ್ನೂ ಅಗಲಿಸಿಯೇ ಕಟ್ಟಿ, ತಂತಿಯ ಮೇಲೆ ಅಗಲವೂ ಸಿಕ್ಕುತ್ತದೆ. ಕೇಳಿದರೆ ಸರಿಯೆನಿಸುವ ಮಾತು. ಬಗ್ಗಿದ ಗಿಡಕ್ಕೆ ಗೂಟ ಕಟ್ಟುವುದಿಲ್ಲವೇ ಎಂದು ಅಣ್ಣನೂ ತಲೆಯಾಡಿಸಿದರು. ನಮಗ್ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ವೈದ್ಯರು ಹಲಗೆಯ ಮೇಲೆ ಕೈಯಿರಿಸಿ, ಬೆರಳುಗಳನ್ನು ಒಂದೊಂದಾಗಿ ಅಗಲಿಸಿ, ಮೊಟ್ಟೆಯ ಲೋಳೆ, ಸೊಪ್ಪು ಮೆತ್ತಿ, ದಬ್ಬೆಯಿಟ್ಟು ಸುತ್ತಿದರು. ನೀರು ಸೋಕಿಸಬೇಡಿ, ಬದನೆಕಾಯಿ ತಿನ್ನಬೇಡಿ, ಒಂದು ವಾರಕ್ಕೆ ಬಂದು ಬಿಚ್ಚಿಸಿಕೊಳ್ಳಿ, ಮುರಿಯದ ಕೈಯನ್ನು ಹೆಚ್ಚು ದಿನ ಕಟ್ಟಬಾರದು ಅಂದರು.

ಮೇಷ್ಟ್ರು ವಾರಕ್ಕೆ ಹೋದರು, ಬಿಚ್ಚಿಸಲಿಲ್ಲ. ಇನ್ನೂ ಬಿಗಿಯಾಗಿ ಕಟ್ಟಿ ಅಂದರಂತೆ. ವೈದ್ಯರು ಆಗಲ್ಲ ಅಂದಾಗ ಮನೆಗೆ ಬಂದು, ಅಣ್ಣನ ಕೈಯಲ್ಲಿ ಅದೇ ದಬ್ಬೆಯ ಮೇಲೆ ಹೊಸ ಬಟ್ಟೆ ಸುತ್ತಿಸಿಕೊಂಡರು. ಒಂದು ವಾರಕ್ಕೇ ಗುಣವಾಗುವುದಾದರೆ ಎರಡು ತಿಂಗಳಿಗೆ ಇನ್ನೆಷ್ಟಾದೀತು ಅನ್ನುವುದು ಅವರ ಲೆಕ್ಕ. ಮಾಳಿಗೆಯ ತುಂಬ ಆ ವಾಸನೆ. ನಾವು ಮೂಗು ಮುಚ್ಚಿಕೊಂಡರೆ ತಮಾಷೆ ಮಾಡುತ್ತಿದ್ದರು. ಬಿಚ್ಚಿದ ಮೇಲೆ ನಾನು ಐದು ಮನೆ ದಾಟ್ತೀನಿ, ಆಗ ನೀವೆಲ್ಲ ಬಾಯಿ ಮುಚ್ಕೋಬೇಕಾಯ್ತದೆ ಅನ್ನುತ್ತಿದ್ದರು. ಅಷ್ಟು ದಿನಗಳ ಮೇಲೆ ಅವರು ನಗುತ್ತಿದ್ದರಲ್ಲ, ಅದೇ ನಮಗೆ ದೊಡ್ಡದಾಗಿತ್ತು.

ಎರಡು ತಿಂಗಳ ಮೇಲೆ ಕಟ್ಟು ಬಿಚ್ಚುವ ದಿನ ನಾನಿದ್ದೆ. ಅಕ್ಕ ಕತ್ತರಿಯಿಂದ ಬಟ್ಟೆ ಕೊಯ್ದರು. ಒಳಗಿನ ಚರ್ಮ ಬಿಳಿಚಿ ಸುಕ್ಕಾಗಿತ್ತು. ಬೆರಳುಗಳು ಅಗಲವಾಗಿ, ನೆಟ್ಟಗೆ ನಿಂತಿದ್ದವು. ಮೇಷ್ಟ್ರು ಎಡಗೈಯನ್ನು ಗಿಟಾರಿನ ಹತ್ತಿರ ತಂದರು. ಕಿರುಬೆರಳು ಮಡಚಲಿಲ್ಲ.

"ನೋಡವ್ವ, ನೋಡು. ಮಡಚ್ಕತಾ ಇಲ್ಲ" ಅಂದರು ನನ್ನ ಕಡೆ ತಿರುಗಿ. ಕಣ್ಣಲ್ಲಿ ನೀರಿತ್ತು. ಅಕ್ಕ ಕೈ ಮುಗಿದರು.

ಆಮೇಲೆ ತಂತಿಯ ಮೇಲೆ ಒತ್ತಲು ಹೋದರು. ಬೆರಳು ಬಗ್ಗಲೂ ಇಲ್ಲ. ಯಾವುದೂ ಬಗ್ಗಲಿಲ್ಲ. ನಾಲ್ಕೂ ಬೆರಳು ಒಣಕಡ್ಡಿಯ ಹಾಗೆ ತಂತಿಯ ಮೇಲೆ ಸುಮ್ಮನೆ ಒರಗಿದವು. ಒಂದು ಸಲ, ಇನ್ನೊಂದು ಸಲ... ಕೆಳಗೆ ಬೆಲ್ಟಿನ ಸದ್ದು ನಡೆದೇ ಇತ್ತು. ನಾನು ಅವರ ಮುಖ ನೋಡಲಾರದೆ ಅವರ ಚಪ್ಪಲಿ ನೋಡುತ್ತಾ ಕೂತಿದ್ದೆ.

ಆಸ್ಪತ್ರೆ, ಬಿಸಿನೀರು, ಕಾಯಿಸಿದ ಮೇಣ, ಎಣ್ಣೆ, ವ್ಯಾಯಾಮ ಎಲ್ಲ ಆಯಿತು. ಅನ್ನ ಕಲಸುವುದಕ್ಕೆ ಬಲಗೈ ಇತ್ತು, ಆದರೆ ಗುಂಡಿ ಹಾಕಿಕೊಳ್ಳಲು ಅಕ್ಕ ಬೇಕಾದರು. ಹೆಬ್ಬೆರಳು, ತೋರುಬೆರಳು ತಕ್ಕಮಟ್ಟಿಗೆ ಬಂದವು. ಮಿಕ್ಕ ಮೂರು ಹಾಗೇ ಉಳಿದವು. ಈಗ ಸೊಪ್ಪು ಕಟ್ಟುವುದಕ್ಕೂ ಆಗುತ್ತಿರಲಿಲ್ಲ. ಅಣ್ಣ ಈಗ ನಂಬಿದರು. ಆ ನಂಬಿಕೆಯನ್ನು ಇಟ್ಟುಕೊಂಡು ಯಾರು ಏನು ಮಾಡುವುದು?

ಒಂದು ಸಂಜೆ ಮೇಷ್ಟ್ರು ನನ್ನನ್ನು ಎಡಕ್ಕೆ ಕೂರಿಸಿಕೊಂಡು, ಗಿಟಾರನ್ನು ಇಬ್ಬರ ಮಡಿಲ ಮೇಲೂ ಅಡ್ಡ ಇರಿಸಿ, ನೀನು ಒತ್ತು, ನಾನು ಮೀಟುತ್ತೇನೆ ಅಂದರು. ಅವರ ಬಲಗೈಗೆ ಎಲ್ಲ ನೆನಪಿತ್ತು. ಸರ್ರನೆ ಓಡಿತು. ನನ್ನ ಗಿಡ್ಡ ಬೆರಳು ಮುಂದಿನ ಮನೆ ಹುಡುಕುವಷ್ಟರಲ್ಲಿ ಅವರು ಎರಡು ಸಾಲು ಮುಂದೆ ಹೋಗಿರುತ್ತಿದ್ದರು. ನನಗಾಗಿ ನಿಧಾನ ಮಾಡಿದರು. ಇನ್ನೂ ನಿಧಾನ ಮಾಡಿದರು. ಕೊನೆಗೆ ಅಂಗೈಯಿಂದ ತಂತಿಗಳನ್ನು ಮುಚ್ಚಿ, ಸಾಕು ಕಣವ್ವ, ನಿನ್ನ ತಪ್ಪಲ್ಲ ಅಂದರು. ನನ್ನ ಬೆರಳುಗಳನ್ನು ಕಿತ್ತು ಅವರಿಗೆ ಕೊಡಲು ಆಗುವಂತಿದ್ದರೆ ಆವತ್ತೇ ಕೊಟ್ಟುಬಿಡುತ್ತಿದ್ದೆ.

ಆಮೇಲೆ ಕೆಲವು ವರ್ಷ ಬಾಯಿಮಾತಿನಲ್ಲೇ ಪಾಠ ಹೇಳಿದರು. ಹೊಸ ಹುಡುಗರು ಮೊಬೈಲಿನಲ್ಲಿ ಯಾರು ಯಾರದೋ ವಿಡಿಯೋ ತಂದು, ಬೆರಳು ಅಗಲ ಮಾಡುವುದು ಹೇಗೆ ಅಂತ ಕೇಳಿದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದರು. ನಾನು ಮದುವೆಯಾಗಿ ಪಿರಿಯಾಪಟ್ಟಣಕ್ಕೆ ಬಂದೆ. ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು. ಮಲಗಿದ್ದವರು ಏಳಲಿಲ್ಲವಂತೆ.

ನಾನು ಹೋಗುವ ಹೊತ್ತಿಗೆ ಗಾವಡಗೆರೆ ಕಡೆಯ ಅವರ ಊರ ಮನೆಯ ಪಡಸಾಲೆಯಲ್ಲಿ ಮಲಗಿಸಿದ್ದರು. ಹಿರಿಯರೊಬ್ಬರು ಪದ್ಧತಿಯಂತೆ ಎರಡೂ ಕೈ ಎದೆಯ ಮೇಲೆ ತಂದು ಮುಗಿದಂತೆ ಇರಿಸಿ, ಹೆಬ್ಬೆರಳುಗಳನ್ನು ಕೂಡಿಸಿ ಕಟ್ಟಲು ನೋಡುತ್ತಿದ್ದರು. ಬಲಗೈ ಬಂತು. ಎಡಗೈ ಬಂತಾದರೂ ಬೆರಳುಗಳು ಅಗಲಿಸಿಕೊಂಡೇ ಇದ್ದವು, ಕೂಡಲು ಒಪ್ಪಲಿಲ್ಲ. ಹಿರಿಯರು ಮೊಳಕೈ ಊರಿ ಒತ್ತಿದರು. ಮೇಷ್ಟ್ರ ಅಣ್ಣ ಗೋಡೆಯ ಕಡೆ ತಿರುಗಿ ನಿಂತರು. ಅಲ್ಲಿಯವರೆಗೆ ಅಳದೆ ಕೂತಿದ್ದ ಅಕ್ಕ ಎದ್ದು ಬಂದು ಆ ಎಡಗೈಯನ್ನು ಬಿಡಿಸಿಕೊಂಡು, ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡರು.

"ಬಲವಂತ ಮಾಡ್ಬ್ಯಾಡಿ. ಆ ಕೈ ಪಟ್ಟಿದ್ದು ಸಾಕು."

ಹಿರಿಯರು ಕೈ ಹಿಂದಕ್ಕೆ ತೆಗೆದುಕೊಂಡರು. ಒಂದು ಕೈ ಎದೆಯ ಮೇಲೆ, ಒಂದು ಕೈ ಪಕ್ಕದಲ್ಲಿ ಬಿಚ್ಚಿಕೊಂಡು, ಹಾಗೆಯೇ ಹೊರಟರು ಮೇಷ್ಟ್ರು...

ಈಗ ಪಿರಿಯಾಪಟ್ಟಣದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನಾನೇ ಗಿಟಾರ್ ಬಾರಿಸುತ್ತೇನೆ. ಎಷ್ಟೋ ಸಲ ನನ್ನ ಕಿರುಬೆರಳು ಮುಟ್ಟಬೇಕಾದ ಮನೆ ಮುಟ್ಟದೆ ಪಕ್ಕದಲ್ಲಿ ಬೀಳುತ್ತದೆ. ಮಕ್ಕಳು ಹಾಡುತ್ತಲೇ ಇರುತ್ತಾರೆ, ಹೆಡ್‌ಮಾಸ್ಟರು ತಲೆದೂಗುತ್ತಲೇ ಇರುತ್ತಾರೆ. ಅದು ತಪ್ಪು ಅಂತ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುತ್ತಿದ್ದುದು ಒಬ್ಬರಿಗೆ ಮಾತ್ರ.